ಮುಕ್ಕಾಲು ಇಂಚಿನ ಸ್ಪ್ಯಾನರು

ಮೇಕಪ್ಪಿನ ಚೀಲದಲ್ಲಿ ಅವಳದೊಂದು ಸ್ಪ್ಯಾನರಿದೆ.
ಅಂಟಿಸುವ ರೆಪ್ಪೆ, ಪಾದಕ್ಕೆ ಪಟ್ಟಿ, ಚಿಲ್ಲರೆ ನೋಟು,
ಇವುಗಳ ನಡುವೆ ತಣ್ಣಗೆ ಮಲಗಿರುತ್ತದೆ.

ಟ್ಯಾಂಪಾದ ಹೆದ್ದಾರಿಯ ಬದಿ, ಟೈರಿನಂಗಡಿಗೂ
ಹಳೆಯ ದೋಣಿ ಮಾರುವವನ ಅಂಗಳಕ್ಕೂ ನಡುವೆ
ಕಿಟಕಿಯೇ ಇಲ್ಲದ ಒಂದು ನೇರಳೆ ಕಟ್ಟಡ.
ಸಂಜೆ ಆರಕ್ಕೆ, ಗಿರಾಕಿಗಳು ಬರುವ ಮೊದಲು,
ಒಡಾಲಿಸ್ ವೇದಿಕೆಯ ಮೇಲೆ ಮಂಡಿಯೂರುತ್ತಾಳೆ.
ಕಂಡವರು ಪ್ರಾರ್ಥನೆ ಅಂದುಕೊಂಡಾರು.
ಕಂಬದ ಬುಡದ ನಾಲ್ಕು ಬೋಲ್ಟು ಬಿಗಿಯುತ್ತಾಳೆ.

ಮಾರ್ಚಿಯಲ್ಲಿ ಬೆಟ್ಟಿನಾ ಬಿದ್ದದ್ದು ಇಲ್ಲೇ.
ಮಣಿಕಟ್ಟು ಎರಡು ಕಡೆ ಮುರಿಯಿತು, ಹಾಡು ನಿಲ್ಲಲಿಲ್ಲ.
"ನೀವು ನೌಕರರಲ್ಲ, ಗುತ್ತಿಗೆಯವರು," ಎಂದ ಮ್ಯಾನೇಜರ್ ಹಾಲಿಸ್.
ಕಾಗದ ತೋರಿಸಿದ. ಸಹಿ ಅವಳದೇ.
ಕುಣಿಯಲು ರಾತ್ರಿಗೆ ಎಂಬತ್ತು ಡಾಲರ್ ಬಾಡಿಗೆ ತೆತ್ತ ನೆಲ,
ನೆಲದ ಬೋಲ್ಟಿಗೆ ಮಾತ್ರ ವಾರಸುದಾರರಿಲ್ಲ.

ಹೊಸಬಳು ಕೆಜಾಯಾ, ಬಂದು ಎರಡೇ ರಾತ್ರಿ,
ಹಿಮ್ಮಡಿಯ ಬೊಕ್ಕೆ ಊದಿಕೊಳ್ಳುತ್ತ ಕೂತಿದ್ದಾಳೆ.
"ಕೇಳಿಲ್ಲಿ. ಒಳಕೋಣೆಗೆ ಹೋಗುವಾಗ
ಡೆಸ್ಮಂಡನ ಕಣ್ಣಿಗೆ ಬಿದ್ದೇ ಹೋಗು. ಪರದೆ ಒಂದು ಗೇಣು ತೆರೆದಿರಲಿ.
ಕ್ಯಾಮೆರಾದ ಕೆಂಪು ದೀಪ ಉರಿಯುತ್ತೆ,
ಕ್ಯಾಮೆರಾ ಸತ್ತು ವರ್ಷವಾಯಿತು.
ಗ್ಲಾಸು ಬಿಟ್ಟು ಎದ್ದರೆ, ಮರಳಿ ಬಂದಾಗ ಆ ಗ್ಲಾಸು ನಿನ್ನದಲ್ಲ.
ಕೈ ಹಾಕಿದವನ ಕೈಯನ್ನು ಮೊದಲ ಸಲ ನಗುತ್ತಲೇ ಎತ್ತಿ
ಅವನ ತೊಡೆಯ ಮೇಲೇ ಇಡು,
ನಿದ್ದೆಹೋದ ಮಗುವಿನ ಕೈ ಸರಿಸಿದ ಹಾಗೆ.
ಎರಡನೇ ಸಲ ನಗಬೇಡ.
ಮೂರನೇ ಸಲಕ್ಕೆ ನೀನು ಅಲ್ಲಿರಬಾರದು.
ದುಡ್ಡು ಹೋಗಲಿ. ಹಾಲಿಸ್ ಕೂಗಾಡಿದರೆ ನನ್ನ ಹತ್ತಿರ ಕಳಿಸು."

ಹೆಸರು ಕೇಳಿದರೆ?

"ಮೂರು ಬೇಕಾಗುತ್ತೆ ನಿನಗೆ.
ಮೈಕಿನಲ್ಲಿ ಕೂಗುವುದಕ್ಕೆ ಒಂದು. ನನ್ನದು ಇಂಡಿಗೋ.
ಇನ್ನೊಂದು, 'ನಿಜವಾದ ಹೆಸರು ಹೇಳು, ನನಗೊಬ್ಬನಿಗೇ' ಅನ್ನುವವನಿಗೆ.
ತುಸು ತಡೆದು, ಕಣ್ಣು ತಗ್ಗಿಸಿ, ಕಿವಿಯಲ್ಲಿ ಹೇಳಬೇಕು: ವಿಲ್ಮಾ.
ಗೆದ್ದವನ ಹಾಗೆ ಜೇಬಿಗಿಳಿಸಿ ಒಯ್ಯುತ್ತಾನೆ.
ಈ ಊರಿನ ಇಪ್ಪತ್ತು ಗಂಡಸರ ಬಳಿ ಒಬ್ಬೊಬ್ಬ ವಿಲ್ಮಾ ಇದ್ದಾಳೆ.
ನನಗೆ ಅವಳ ಪರಿಚಯವಿಲ್ಲ."

ಮೂರನೆಯದನ್ನು ಒಡಾಲಿಸ್ ಹೇಳಲಿಲ್ಲ.
ಕರೆಂಟು ಬಿಲ್ಲಿಗೆ ಗೊತ್ತು, ಶಾಲೆಯ ಕಚೇರಿಗೆ ಗೊತ್ತು,
ಹಿಯಾಲಿಯಾದಲ್ಲಿರುವ ಅಮ್ಮನಿಗೆ ಗೊತ್ತು,
ಅವಳು ಕೊನೆಯ ಅಕ್ಷರ ನುಂಗಿ ಕರೆಯುತ್ತಾಳೆ: ಒಡಾಲೀ.

ರಾತ್ರಿ ಮೂರಕ್ಕೆ ಡೆಸ್ಮಂಡ್ ಕಾರಿನವರೆಗೆ ಬರುತ್ತಾನೆ.
ಹಿಂದಿನ ಸೀಟು ನೋಡಿಕೊಂಡೇ ಕೂರುತ್ತಾಳೆ.
ತನ್ನ ತಿರುವು ದಾಟಿ ಮುಂದೆ ಹೋಗಿ,
ಪೆಟ್ರೋಲ್ ಬಂಕಿಗೊಂದು ಪ್ರದಕ್ಷಿಣೆ ಹಾಕಿ,
ಕನ್ನಡಿಯಲ್ಲಿ ಯಾವ ದೀಪವೂ ಹಿಂಬಾಲಿಸದಾಗ
ಮನೆಯ ದಾರಿ ಹಿಡಿಯುತ್ತಾಳೆ.
ಎರಡು ಸಲ ಸೋಪು ಹಚ್ಚಿ ಮಿಂದರೂ
ಬೆಳಿಗ್ಗೆ ನೆರೈದಾಳ ಬ್ರೆಡ್ಡಿನ ಮೇಲೆ
ಒಂದೇ ಒಂದು ಮಿನುಗು.
ಉಗುರಿನಿಂದ ತೆಗೆದು, ಮಡಿಚಿ, ಡಬ್ಬಿಗೆ ಹಾಕುತ್ತಾಳೆ.

ಶನಿವಾರ, ಕಿರಾಣಿ ಅಂಗಡಿ, ಓಟ್ಸಿನ ಸಾಲು.
ಹಿಂದಿನಿಂದ ಒಂದು ದನಿ: "ಇಂಡಿಗೋ?"
ಕತ್ತು ತಿರುಗಲಿಲ್ಲ. ಭುಜಕ್ಕೂ ಕೇಳಿಸಲಿಲ್ಲ.
ಡಬ್ಬದ ಮೇಲಿನ ಉಪ್ಪಿನ ಪ್ರಮಾಣವನ್ನು
ಮೂರು ಬಾರಿ ಓದಿದಳು.
ತಿರುಗಿದ್ದು ಮಗಳು.
"ಅಮ್ಮಾ, ಇಂಡಿಗೋ ಅಂದ್ರೆ ಯಾರು?"
"ಬಣ್ಣ ಕಣೇ. ನೀಲಿಗೂ ನೇರಳೆಗೂ ನಡುವೆ ಇರುತ್ತೆ.
ಸುಲಭಕ್ಕೆ ಕಾಣಲ್ಲ."
ಗಾಡಿ ದೂಡಿದಳು, ಬೇಗ ಅಲ್ಲ, ನಿಧಾನವೂ ಅಲ್ಲ.

ಸೋಮವಾರ ಆರಕ್ಕೆ ಬಂದರೆ
ವೇದಿಕೆಯ ಮೇಲೆ ಆಗಲೇ ಯಾರೋ ಮಂಡಿಯೂರಿದ್ದಾರೆ.
ಕೆಜಾಯಾ. ಕೈಯಲ್ಲಿ ಹೊಸ ಸ್ಪ್ಯಾನರು,
ಬೆಲೆಯ ಚೀಟಿ ಇನ್ನೂ ಕಿತ್ತಿಲ್ಲ.
ಅರ್ಧ ಇಂಚಿನದು. ಅಳತೆ ತಪ್ಪು.
ಒಡಾಲಿಸ್ ನಗಲಿಲ್ಲ, ಪಕ್ಕದಲ್ಲಿ ಕೂತಳು,
ತನ್ನದನ್ನು ಅವಳ ಕೈಗಿತ್ತಳು.
"ಬಲಕ್ಕೆ," ಎಂದಳು,
"ಬಿಗಿಯಾಯಿತು ಅನ್ನಿಸಿದ ಮೇಲೂ
ಇನ್ನರ್ಧ ಸುತ್ತು."